ಕೊಲ್ಲಿ ದಾಟಿ ಬಂದ ಮೂವರು

ಬಹಳ ಬಹಳ ಹಿಂದೆ, ಹೆಪ್ಪುಗಟ್ಟಿದ ಕೊಲ್ಲಿ ದಾಟಿ ಹೋದವರು ಸತ್ತೇ ಹೋಗ್ತಾರೆ, ತಿರುಗಿ ಬರೋದು ಅವರ ದೆವ್ವ ಮಾತ್ರ ಅಂತ ಎಲ್ಲರೂ ನಂಬಿದ್ದರಂತೆ. ಎಲ್ಲರೂ ಅಂದ್ರೆ ಎಲ್ಲರೂ, ಹಲ್ಲು ಬಿದ್ದವರೂ ಹಲ್ಲು ಬಾರದವರೂ.

ಕೊಲ್ಲಿ ಅಂದ್ರೆ ಸಮುದ್ರ ನೆಲದೊಳಕ್ಕೆ ನುಗ್ಗಿ ಕೂತ ಜಾಗ ಕಣೇ. ಅದು ಕುದುರೆ ಲಾಳದ ಹಾಗಿತ್ತಂತೆ. ಈ ದಡದಲ್ಲಿ ಮೀನಿನವರು, ಆ ದಡದಲ್ಲಿ ಸೌದೆಯವರು, ನಡುವಿನ ತಿರುವಿನಲ್ಲಿ ಉಪ್ಪಿನವರು. ಬೇಸಿಗೆಯಲ್ಲಿ ಅಲೆಗೆ ದೋಣಿ ನಿಲ್ತಿರಲಿಲ್ಲ, ಚಳಿಗಾಲದಲ್ಲಿ ನೀರೆಲ್ಲ ಮಂಜುಗಡ್ಡೆ, ನಡೆದೇ ಹೋಗಬಹುದಿತ್ತು. ಆದ್ರೆ ಮೀನಿನವರು ಹೋಗ್ತಿರಲಿಲ್ಲ, ಉಪ್ಪೂ ಇಲ್ಲದೆ ಒಲೆಯೂ ಇಲ್ಲದೆ ಹಸಿ ಮೀನು ತಿಂದು ನಡುಗ್ತಾ ಕೂತಿರ್ತಿದ್ದರಂತೆ.

ಅವರಲ್ಲಿ ಬೆಳ್ಳವ್ವ ಅಂತ ಒಬ್ಬಳು, ಅವಳಿಗೆ ಮೂವರು ಗಂಡುಮಕ್ಕಳು. ಒಂದು ಚಳಿಗಾಲ ಅವಳಿಗೆ ಮೈ ಬಿಸಿಯೇ ಏರದೆ ಹೋಯ್ತು, ಆಮೇಲೆ ದೊಡ್ಡವನು ಸೌದೆ ತರ್ತೀನಿ ಅಂತ ಹೊರಟನಂತೆ. ಮೂರನೇ ದಿನಕ್ಕೆ ಊರವರು ಅವನ ತಿಥಿ ಮಾಡಿ ಉಂಡೂಬಿಟ್ಟರು. ಐದನೇ ದಿನ ಹೊರೆ ಹೊತ್ತು ಬಂದ. ಊರ ಹಿರಿಯ ಕೆಂಚಯ್ಯ ಅವನ ಕಾಲಬುಡ ನೋಡಿದ, ನೆರಳಿಲ್ಲ. ದೆವ್ವ, ದೆವ್ವ ಅಂತ ಎಲ್ಲರೂ ತಟ್ಟೆ ಬಡಿದು, ಮೀನಿನ ಮೂಳೆ ಎಸೆದು ಅಟ್ಟಿದರಂತೆ. ಬೆಳ್ಳವ್ವನೂ ಕದ ಹಾಕಿಕೊಂಡು ಅತ್ತಳಂತೆ.

ಅವನು ನಿಜವಾದ ಮಗನೇ ಅಲ್ವಾ ಅಜ್ಜಿ?

ಅವನೇ. ಬುದ್ಧಿವಂತರ ಊರಾಗಿದ್ರೆ ಕತೆ ಅಲ್ಲಿಗೇ ನಿಲ್ತಿತ್ತು. ಸುಮ್ನೆ ಹೊದ್ಕೋ.

ಆಮೇಲೆ ನಡುವಿನವನು ಹೋದ. ಅದೇ ತಿಥಿ, ಅದೇ ಊಟ, ಅದೇ ಮೂಳೆ.

ಆಮೇಲೆ ಕಿರಿಯವನು ತಿಪ್ಪ ಹೋಗಿ ಬಂದು, ಬಾಗಿಲ ಮುಂದೆ ನಿಂತು ಕೂಗಾಡಿದನಂತೆ. ಅವ್ವಾ, ಹೊರೆ ಭಾರ ಕಣವ್ವ, ಕೈ ಮರಗಟ್ಟಿದೆ, ದೆವ್ವಕ್ಕೆ ಎಲ್ಲಾದರೂ ಕೈ ನೋಯುತ್ತಾ? ಬೆಳ್ಳವ್ವ ಕದದ ಸಂದಿಯಿಂದ ನೋಡಿದಳು. ನಿಜಕ್ಕೂ ನೆರಳಿರಲಿಲ್ಲ. ಮೂರನೆಯವನನ್ನೂ ಕಳಕೊಂಡೆ ಅಂತ ಅವಳ ಎದೆ ಒಡೆದುಹೋಯ್ತಂತೆ. ಅಷ್ಟರಲ್ಲಿ ಪಕ್ಕದಲ್ಲೇ ತಟ್ಟೆ ಬಡೀತಿದ್ದ ಕೆಂಚಯ್ಯನ ಕಾಲಬುಡ ಕಣ್ಣಿಗೆ ಬಿತ್ತು. ಬೆಳ್ಳವ್ವ ಕದ ತೆರೆದು, ಹಿರಿಯರೇ, ನಿಮ್ಮ ತಿಥಿ ಯಾವತ್ತು ಆಯ್ತು, ನಮ್ಮನ್ನ ಊಟಕ್ಕೆ ಕರೀಲೇ ಇಲ್ವಲ್ಲ ಅಂದಳಂತೆ. ಕೆಂಚಯ್ಯ ತನ್ನ ಕಾಲು ನೋಡ್ಕೊಂಡ. ಪಕ್ಕದವನೂ ನೋಡ್ಕೊಂಡ. ಒಂದೊಂದೇ ತಟ್ಟೆ ಸುಮ್ಮನಾಯ್ತಂತೆ.

ಆಮೇಲೆ ತಿಪ್ಪ ಸೌದೆಯವರ ಮನೆಯಲ್ಲಿ ಮುನಿಸಿಕೊಂಡು ಕೂತಿದ್ದ ಅಣ್ಣಂದಿರನ್ನ ಕರ್ಕೊಂಡು ಬಂದ, ಒಲೆ ಹೊತ್ತಿತು, ಬೆಳ್ಳವ್ವ ಮೂವರಿಗೂ ಬೈದು ಬಿಸಿ ಸಾರು ಬಡಿಸಿದಳಂತೆ. ಕತೆ ಇಷ್ಟೇ, ಕಣ್ಣು ಮುಚ್ಚು.

ಮತ್ತೆ ನೆರಳು ಯಾಕಿರಲಿಲ್ಲ ಅಜ್ಜಿ?

ಆ ಊರಲ್ಲಿ ಚಳಿಗಾಲವಿಡೀ ಸೂರ್ಯ ಹುಟ್ಟುತ್ತಿರಲಿಲ್ಲ.