ಜವರ ಸಾಹೇಬರಿಗೆ ರಸ್ತೆ ತೋರಿಸಿದ್ದು

ಕೂತ್ಕೊಳ್ಳಿ, ಕೂತ್ಕೊಳ್ಳಿ, ನಗೋದು ಆಮೇಲೆ. ಹುಣಸೆಕೊಪ್ಪಲಿನ ನಿಂಗಾಜಮ್ಮಂಗೆ ಇಬ್ಬರು ಮಕ್ಕಳು. ಮಗಳು ಮಾದೇವಿ ಚೂಟಿ. ಮಗ ಜವರ? ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲುದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ.

ಮಾದೇವಿಗೆ ಚೊಚ್ಚಲ ಬಸಿರು. ತವರಿಗೆ ಕರ್ಕೊಂಡು ಬರಬೇಕು. ಅಳಿಯ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ: "ಅತ್ತೆ, ನಿಮ್ಮೂರ ರಸ್ತೇಲಿ ಬಂದ್ರೆ ದಾರೀಲೇ ಹೆರಿಗೆ. ರಸ್ತೆ ಸರಿಯಾಗ್ಲಿ, ಕಳಿಸ್ತೀನಿ." ನಿಂಗಾಜಮ್ಮಂಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಒಳಗೆ ಹೋಗ್ತಾಳೆ, ಹೊರಗೆ ಬರ್ತಾಳೆ, ರಸ್ತೆ ನೋಡ್ತಾಳೆ.

ಅಷ್ಟರಲ್ಲಿ ಸುದ್ದಿ ಬಂತು. ರಸ್ತೆ ಹೆಂಗಿದೆ ಅಂತ ನೋಡೋಕೆ ಇಂಜಿನಿಯರ್ ಸಾಹೇಬರು ಬರ್ತಾರೆ!

"ಜವರಾ, ಓಡ್ಲಾ! ಸಾಹೇಬರಿಗೆ ಗುಂಡಿ ತೋರ್ಸು. ಒಂದನ್ನೂ ಬಿಡಬೇಡ!"

ಜವರ ಜೀಪಲ್ಲಿ ಡ್ರೈವರ್ ಪಕ್ಕ ಕೂತ. ಡ್ರೈವರ್ ಪಾಪ ಗುಂಡಿ ತಪ್ಪಿಸೋಕೆ ಬಲಕ್ಕೆ ತಿರುಗಿಸಿದ್ರೆ ಇವನು ಸ್ಟೇರಿಂಗ್ ಹಿಡಿದು ಎಡಕ್ಕೆ ಎಳೆಯೋನು. "ಅಯ್ಯೋ, ಅದು ಬಿಟ್ಟೋಯ್ತು! ಹಿಂದಕ್ಕೆ ತಗೊಳ್ಳಿ ಸ್ವಾಮಿ!" ಧಡಕ್! ಧಡಕ್! ಅರ್ಧ ದಾರಿಗೆ ಆಕ್ಸೆಲ್ ಕಟ್ಟಾಯ್ತು. ಸಾಹೇಬರು ಸೊಂಟ ಹಿಡ್ಕೊಂಡು, ಮಿಕ್ಕ ರಸ್ತೆ ನೋಡದೇ ವಾಪಸ್ ನಡೆದರು.

"ಹಾಳಾದೋನೆ! ಬಂದೋರ ಸೊಂಟ ಮುರಿಯೋದೇನ್ಲಾ? ಸಾಹೇಬರು ಬಂದ್ರೆ ಮೈ ಅಲುಗದ ಹಾಗೆ ಕರ್ಕೊಂಡು ಬರಬೇಕು!"

"ಆಗ್ಲಿ ಕಣವ್ವ."

ಸಾಹೇಬರು ಮತ್ತೆ ಬರ್ತಾರೆ ಅಂತಾಯ್ತು. ಜವರ ಹಿಂದಿನ ದಿನವೇ ಗುದ್ದಲಿ ಹಿಡಿದ. ಗುಂಡಿಗೆಲ್ಲ ಮಣ್ಣು ತುಂಬಿದ, ತುಳಿದ, ಸಗಣಿ ಹಾಕಿ ಸಾರಿಸಿದ! ಜೀಪಲ್ಲಿ ಸಾಹೇಬರಿಗೆ ಜೊಂಪೇ ಹತ್ತಿಬಿಡ್ತು. ಕಣ್ಣು ಬಿಟ್ಟು, "ರಸ್ತೆ ಚೆನ್ನಾಗೇ ಇದೆಯಲ್ಲಯ್ಯ?" ಅಂದರು.

"ಹೂಂ ಸ್ವಾಮಿ, ಬೆಣ್ಣೆ!" ಅಂದ ಜವರ.

ನಿಂಗಾಜಮ್ಮ ಗದ್ದೆಯಿಂದ ಓಡಿ ಬರೋ ಹೊತ್ತಿಗೆ ಜೀಪು ಹೋಗಿಯಾಗಿತ್ತು. ಸಂಜೆ ಮಳೆ ಹುಯ್ತು, ಹಾಕಿದ ಮಣ್ಣೆಲ್ಲ ಕೆಸರು. ಅವಳು ಹಣೆ ಹಣೆ ಚಚ್ಚಿಕೊಂಡಳು.

"ನನ್ನ ಹೊಟ್ಟೇಲಿ ಯಾಕ್ ಹುಟ್ಟಿದ್ಯೋ! ಪಕ್ಕದೂರಿನೋರು ರಸ್ತೆ ಕೆಸರಲ್ಲಿ ಭತ್ತದ ಪೈರು ನೆಟ್ರು, ಪೇಪರಲ್ಲಿ ಫೋಟೋ ಬಂತು, ಟಾರೂ ಬಂತು. ನೀನೂ ನೆಡಬೇಕಿತ್ತು ಕಣ್ಲಾ!"

"ಆಗ್ಲಿ ಕಣವ್ವ."

ಬೇರೆಯವರಾದ್ರೆ ಫೋಟೋಗೆ ಅಂತ ನಾಲ್ಕು ಕಡ್ಡಿ ನೆಡ್ತಾರೆ. ಇವನು ಅವ್ವ ಗದ್ದೆಗೆ ಅಂತ ಬೆಳೆಸಿದ್ದ ಪೈರನ್ನೆಲ್ಲ ಕಿತ್ತು ತಂದು, ಊರ ಬಾಗಿಲಿಂದ ಹೆದ್ದಾರಿವರೆಗೂ ಸಾಲು ಹಿಡಿದು ನಾಟಿ ಹಾಕಿಬಿಟ್ಟ! ಗದ್ದೆ ಖಾಲಿ, ರಸ್ತೆ ಹಸಿರು. ಆದ್ರೆ ನೋಡಿ ಚೋದ್ಯ, ಪೇಪರಿನವರು ಬಂದು ಫೋಟೋ ಹೊಡೆದರು, ವಾರದೊಳಗೆ ರಸ್ತೆ ಮಂಜೂರು! ಅಳಿಯನೂ ಫೋನ್ ಮಾಡಿದ: "ಟಾರು ಬಿದ್ದ ದಿನವೇ ಕರ್ಕೊಂಡು ಬರ್ತೀನಿ ಅತ್ತೆ."

ನಿಂಗಾಜಮ್ಮ ಕುಣಿದಾಡಿಬಿಟ್ಟಳು. ಅಣ್ಣನ ಮನೆಯಿಂದ ಪೈರು ಬೇಡಿ ತಂದು ಗದ್ದೆಗೂ ನೆಟ್ಟಳು. ನೆಟ್ಟು ಇತ್ತ ತಿರುಗಿದ್ರೆ, ಯಾರದೋ ಎಮ್ಮೆ ಅದನ್ನ ಮೇಯ್ತಾ ಐತೆ, ಜವರ ಬದುವಿನ ಮೇಲೆ ಕೂತು ನೋಡ್ತಾ ಅವನೆ!

"ಮುಠ್ಠಾಳ! ನಾಟಿ ಹಾಕಿದ ಮೇಲೆ ಕಾಯಬೇಕು ಕಣ್ಲಾ! ಕೊಯ್ಲಾಗೋ ತನಕ ಒಂದು ನರಪಿಳ್ಳೇನೂ ಕಾಲಿಡೋಕೆ ಬಿಡಬಾರದು!"

"ಆಗ್ಲಿ ಕಣವ್ವ. ನಾನು ನೆಟ್ಟಿದ್ದನ್ನ ನಾನು ಕಾಯ್ತೀನಿ."

ಮಾರನೇ ದಿನ ಬೆಳಗಾಗುತ್ತಲೇ ಹೆದ್ದಾರಿ ಕಡೆಯಿಂದ ಗಡಗಡ ಸದ್ದು. ಬಂತು, ರೋಲರ್ ಬಂತು! ನಿಂಗಾಜಮ್ಮ ಒಲೆ ಹಚ್ಚಿದಳು, ಆರಿಸಿದಳು, ಬಾಗಿಲಿಗೆ ಬಂದಳು. ಸದ್ದು ಹತ್ತಿರ ಬರಲೇ ಇಲ್ಲ. ನಿಂತುಹೋಯ್ತು, ಆಮೇಲೆ ದೂರ ದೂರ ಹೋಯ್ತು.

ಜವರ ಕೋಲು ಹಿಡ್ಕೊಂಡು, ಬೀಗ್ತಾ ಬಂದ.

"ಅವ್ವಾ, ನನ್ನ ಪೈರು ತುಳಿಯೋಕೆ ರೋಲರ್ ತಂದಿದ್ರು! ಬಿಡ್ತೀನಾ? ಅಡ್ಡ ಮಲಗಿಬಿಟ್ಟೆ. ಕೊಯ್ಲಾದ ಮೇಲೆ ಬನ್ನಿ ಅಂದೆ. ಸರಿ, ಬೇರೆ ಊರಿಗೆ ಹೋಗ್ತೀವಿ ಅಂತ ಹೋದ್ರು!"

ನಿಂಗಾಜಮ್ಮ ಧೊಪ್ಪಂತ ಕೂತಳು. "ಕೊಯ್ಲಿಗೆ ಇನ್ನೂ ನಾಲ್ಕು ತಿಂಗಳೈತಲ್ಲೋ! ನಿಮ್ಮಕ್ಕ ಈ ತಿಂಗಳೇ ಹೆರ್ತಾಳೆ ಕಣೋ, ಪಾಪಿ!" ಅಂತ ಅತ್ತೇಬಿಟ್ಟಳು.

ಬೈಯೋ ಅವ್ವನ್ನ ಕಂಡಿದ್ದ ಜವರ, ಅಳೋ ಅವ್ವನ್ನ ಕಂಡಿರಲಿಲ್ಲ.

"ಅಳಬೇಡ ಕಣವ್ವ, ಅಳಬೇಡ! ಕೊಯ್ಲಾಗೋ ತನಕ ಹೆರಬೇಡ ಕಣಕ್ಕ ಅಂತ ಈಗ್ಲೇ ಹೋಗಿ ಅಕ್ಕಂಗೆ ಹೇಳಿ ಬರ್ತೀನಿ!"

ಹೊರಟೇಬಿಟ್ಟ.