ಬಾವಿಯ ಈಚೆಗಿನ ಮರಳು

ದೂಮಣ್ಣನ ಹಿತ್ತಲಲ್ಲಿ, ಶೌಚದ ಟ್ಯಾಂಕಿಗೂ ಕುಡಿಯುವ ನೀರಿನ ಬಾವಿಗೂ ನಡುವೆ, ಸೋಸುವ ಮರಳು ಮಲಗಿತ್ತು. ಹತ್ತು ವರ್ಷದಿಂದ ಯಾರೂ ಮುಚ್ಚಳ ತೆಗೆಯದ ಟ್ಯಾಂಕು ಒಂದು ದಿನ ಗೋಗರೆಯಿತು: "ಹೊಟ್ಟೆ ಬಿರಿಯುತ್ತಿದೆ. ಈ ರಾಡಿಯನ್ನು ಬಾವಿಯ ಕಡೆ ಬಿಟ್ಟುಬಿಡು. ಮಣ್ಣಿನಡಿ ಯಾರು ನೋಡುತ್ತಾರೆ?"

"ನೀರು ಕೊಡು, ಸೋಸುತ್ತೇನೆ. ರಾಡಿಯನ್ನು ಬಿಡುವುದಿಲ್ಲ," ಎಂದಿತು ಮರಳು.

"ಹಾಗಾದರೆ ಇದು ಹಿಂದಕ್ಕೆ ಮನೆಯೊಳಗೇ ನುಗ್ಗುತ್ತದೆ!"

"ನುಗ್ಗಲಿ. ಅವರದು ಅವರ ಬಚ್ಚಲಿಗೇ ಹೋಗಲಿ."

ಟ್ಯಾಂಕು ಜಪ್ಪಯ್ಯ ಅಂದರೂ ಮರಳು ಸಂದು ಬಿಡಲಿಲ್ಲ. ಮರುದಿನ ಬಚ್ಚಲಲ್ಲಿ ರಾಡಿ ಉಕ್ಕಿತು. ದೂಮಣ್ಣ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿಬಂದು, "ದರಿದ್ರ ಮರಳು, ಕೈಕೊಟ್ಟಿತು!" ಎಂದು ಗಂಟಲು ಒಣಗುವ ತನಕ ಬೈದ. ಆಮೇಲೆ ಬಾವಿಯಿಂದ ಒಂದು ಕೊಡ ಸೇದಿ, ತಿಳಿನೀರನ್ನು ಗಟಗಟ ಕುಡಿದು, ಮತ್ತೆ ಮರಳನ್ನು ಬೈಯತೊಡಗಿದ.