ಹೇಳಿಕೊಟ್ಟ ಮೂರು ಮಾತು

“ಗುರುಗಳೇ, ಮಗುವಿಗೆ ನಾಲ್ಕು ಮಾತು ಹೇಳಿಕೊಟ್ಟು ಕಳಿಸುವುದು ತಪ್ಪೇ?” ಎಂದು ರಾಚಯ್ಯ ಕೇಳಿದ.

ರಾಚಯ್ಯ ನಿವೃತ್ತ ಶಾಲಾಮಾಸ್ತರ. ತೀರಿಹೋದ ಮಗಳ ಮಗನನ್ನು ಐದು ವರ್ಷದಿಂದ ಸಾಕುತ್ತಿದ್ದ. ಈಗ ಅಳಿಯ ತನ್ನ ಮಗನನ್ನು ತನಗೆ ಕೊಡಿಸಿ ಎಂದು ಕೋರ್ಟಿಗೆ ಹೋಗಿದ್ದ. ಸೋಮವಾರ ನ್ಯಾಯಾಧೀಶರು ಹುಡುಗನನ್ನೇ ಕರೆದು ಮಾತಾಡಿಸುವವರಿದ್ದರು.

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ದಾನಮ್ಮ ಎಂಬ ನೇಕಾರ ಹೆಂಗಸಿದ್ದಳು. ಗಂಡನನ್ನು ಬೇಗ ಕಳೆದುಕೊಂಡವಳು, ಮಕ್ಕಳಿಲ್ಲದವಳು. ತವರಿನಲ್ಲಿ ತಮ್ಮನ ಜೊತೆ ಇದ್ದುಕೊಂಡು ಕುಪ್ಪಸದ ಖಣ ನೇಯುತ್ತಿದ್ದಳು. ತಮ್ಮನಿಗೆ ಹೆಣ್ಣು ಮಗು ಹುಟ್ಟಿತು, ಶಾಂಭವಿ ಎಂದು ಹೆಸರಿಟ್ಟರು. ಮಗುವಿಗೆ ಮೂರು ತಿಂಗಳು ತುಂಬುವ ಮೊದಲೇ ತಮ್ಮ ಅಪಘಾತದಲ್ಲಿ ಸತ್ತ. ಅವನ ಹೆಂಡತಿ, ಬಾಣಂತಿ ಕಸ್ತೂರಿಯ ಮನಸ್ಸು ಕದಡಿಹೋಯಿತು. ಊಟ ಬಿಟ್ಟಳು, ಮಾತು ಬಿಟ್ಟಳು. ಮಗು ಅತ್ತರೂ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಅವಳ ತಾಯಿಮನೆಯವರು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗು ದಾನಮ್ಮನ ಬಳಿ ಉಳಿಯಿತು.

ಆರು ವರ್ಷ ಕಳೆಯಿತು. ಶಾಂಭವಿ ಅತ್ತೆಯ ಸೆರಗು ಹಿಡಿದು ನಡೆಯಲು ಕಲಿತಳು, ಮಗ್ಗದ ಪಕ್ಕದಲ್ಲೇ ಕೂತು ಅಕ್ಷರ ಕಲಿತಳು. ಅತ್ತ ಕಸ್ತೂರಿ ಗುಣವಾಗಿ ಅಂಗನವಾಡಿಯಲ್ಲಿ ಕೆಲಸ ಹಿಡಿದಿದ್ದಳು. ಎರಡು ಸಲ ಮಗಳನ್ನು ನೋಡಲು ಬಂದಳು. ಎರಡು ಸಲವೂ ದಾನಮ್ಮ ಬಾಗಿಲಿಗೆ ಅಡ್ಡ ನಿಂತು, ಮಗು ಮನೆಯಲ್ಲಿಲ್ಲ ಎಂದು ಹೇಳಿ ಕಳಿಸಿದಳು. ಮೂರನೆಯ ಸಲ ಕಸ್ತೂರಿ ಬರಲಿಲ್ಲ. ಕೌಟುಂಬಿಕ ನ್ಯಾಯಾಲಯದ ನೋಟಿಸು ಬಂತು.

ಅಂದಿನಿಂದ ದಾನಮ್ಮನಿಗೆ ನೆಮ್ಮದಿ ಎಂಬುದಿಲ್ಲ. ಮಗು ಶಾಲೆಯಿಂದ ಬರುವುದು ಹತ್ತು ನಿಮಿಷ ತಡವಾದರೆ ಬೀದಿಗೆ ಓಡುತ್ತಿದ್ದಳು. ನೇಯುವಾಗ ಎಳೆ ಕಡಿದರೂ ಗೊತ್ತಾಗುತ್ತಿರಲಿಲ್ಲ. ಮಗುವನ್ನೇ ಕೇಳಿ ತೀರ್ಮಾನ ಮಾಡಬಹುದು ಎಂದು ವಕೀಲರು ಹೇಳಿದ ಮರುದಿನ, ಬೆಳಿಗ್ಗೆ ಜಡೆ ಹಾಕುತ್ತ ಶಾಂಭವಿಗೆ ಮೂರು ಮಾತು ಹೇಳಿಕೊಟ್ಟಳು: ಅವ್ವ ನನ್ನ ಬಿಟ್ಟು ಹೋದಳು. ನನಗೆ ಆಕೆ ಬೇಡ. ನಾನು ಅತ್ತೆಯ ಹತ್ತಿರವೇ ಇರುತ್ತೇನೆ.

ದಿನವೂ ಜಡೆ ಮುಗಿಯುವುದರೊಳಗೆ ಮಗು ಆ ಮೂರು ಮಾತನ್ನು ಒಪ್ಪಿಸಬೇಕು. ಒಂದು ತಪ್ಪಿದರೆ ದಾನಮ್ಮ ಬೈಯುತ್ತಿರಲಿಲ್ಲ. ಅವಳ ಕಣ್ಣು ತುಂಬುತ್ತಿತ್ತು. ಮಗು ಬೇಗ ಕಲಿಯಿತು.

ಕೇಸು ನಡೆಯುವಷ್ಟು ದಿನ ಕೋರ್ಟಿನ ಮಕ್ಕಳ ಕೋಣೆಯಲ್ಲಿ ವಾರಕ್ಕೊಂದು ತಾಸು ತಾಯಿ ಮಗಳನ್ನು ನೋಡಬಹುದು ಎಂದಾಯಿತು. ಕಸ್ತೂರಿ ಚಿತ್ರದ ಪುಸ್ತಕ ತರುತ್ತಿದ್ದಳು. ಶಾಂಭವಿ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಬಾಗಿಲಲ್ಲಿ ನಿಂತ ದಾನಮ್ಮನಿಗೆ ಅದನ್ನು ಕಂಡು ಜೀವ ಬಂದಂತಾಗುತ್ತಿತ್ತು. ಕಸ್ತೂರಿ ಆ ಬೆನ್ನಿಗೇ ಚಿತ್ರ ತೋರಿಸುತ್ತ ಒಂದೊಂದೇ ಪುಟ ತಿರುವುವುದೂ ಕಾಣುತ್ತಿತ್ತು. ಅದನ್ನು ಮಾತ್ರ ಅವಳು ನೋಡದಂತೆ ಇರುತ್ತಿದ್ದಳು.

ನ್ಯಾಯಾಧೀಶೆ ಮಗುವನ್ನು ಒಳಗೆ ಕರೆದ ದಿನ ಬಂತು. ಬಾಗಿಲು ಮುಚ್ಚಿತು. ಪಡಸಾಲೆಯ ಬೆಂಚಿನ ಈ ತುದಿಯಲ್ಲಿ ದಾನಮ್ಮ, ಆ ತುದಿಯಲ್ಲಿ ಕಸ್ತೂರಿ. ಇಬ್ಬರೂ ಆ ಬಾಗಿಲನ್ನೇ ನೋಡುತ್ತಿದ್ದರು. ಮಗು ಮೂರನೆಯ ಮಾತಿನಲ್ಲಿ ತಡವರಿಸಿದರೆ ಏನು ಗತಿ ಎಂಬುದೊಂದೇ ದಾನಮ್ಮನ ತಲೆಯಲ್ಲಿತ್ತು.

ಬಾಗಿಲು ತೆರೆಯಿತು. ಶಾಂಭವಿ ನೇರ ಅವಳ ಬಳಿಗೆ ಬಂದು ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡಳು.

“ಎಲ್ಲಾ ಹೇಳೀನಿ ಅತ್ತಿ, ಒಂದೂ ಬಿಟ್ಟಿಲ್ಲ. ಇನ್ನ ನೀ ಅಳಂಗಿಲ್ಲ, ಹೌದಿಲ್ಲೋ?”

ದಾನಮ್ಮ ಮಗುವಿನ ಕೈಗಳ ಮೇಲೆ ತನ್ನ ಕೈ ಇಟ್ಟಳು. ಅಷ್ಟರಲ್ಲಿ ಅವಳನ್ನೂ ಕಸ್ತೂರಿಯನ್ನೂ ಒಳಗೆ ಕರೆದರು.

ನ್ಯಾಯಾಧೀಶೆ ಸಿಟ್ಟಾಗಿರಲಿಲ್ಲ. “ನಿನಗೆ ಯಾವ ಆಟ ಇಷ್ಟ ಎಂದು ಮಗುವನ್ನು ಕೇಳಿದೆನಮ್ಮ. ಅದನ್ನು ಅತ್ತೆ ಹೇಳಿಕೊಟ್ಟಿಲ್ಲ ಎಂದಳು,” ಎಂದರು.

ಪಕ್ಕದಲ್ಲಿದ್ದ ವಕೀಲರು ಸುಮ್ಮನಿರುವಂತೆ ಸನ್ನೆ ಮಾಡಿದರು. ಮಗುವಿನ ಮಾತು ಮಗುವಿನದು ಎಂದು ವಾದಿಸಲು ಇನ್ನೂ ದಾರಿಯಿತ್ತು. ದಾನಮ್ಮನಿಗೂ ಅದು ಗೊತ್ತಿತ್ತು. ಆದರೆ ತನ್ನ ಕೆನ್ನೆಯ ಮೇಲೆ ಆ ಎರಡು ಪುಟ್ಟ ಕೈಗಳ ಬಿಸಿ ಇನ್ನೂ ಇತ್ತು.

“ನಾನ ಹೇಳಿಕೊಟ್ಟೀನ್ರಿ,” ಎಂದಳು. “ಈಕಿ ಮಗಳನ್ನ ಬಿಟ್ಟು ಹೋಗಿಲ್ಲ. ಆವತ್ತು ಈಕಿ ಉಡಿಯಿಂದ ಕೂಸನ್ನ ಎತ್ತಿಕೊಂಡಾಕಿ ನಾನು. ಆಮ್ಯಾಲೆ ವಾಪಸ್ ಕೊಡಾಕ ನನಗ ಆಗಲಿಲ್ಲ.”

ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆ ವರ್ಷದ ಶಾಲೆ ಮುಗಿಯುವವರೆಗೆ ಮಗು ಅತ್ತೆಯ ಬಳಿ ಇರಲಿ, ಪ್ರತಿ ಶನಿವಾರ ಭಾನುವಾರ ತಾಯಿಯ ಮನೆಗೆ ಹೋಗಲಿ, ಆಮೇಲೆ ತಾಯಿಯ ಬಳಿ ಬೆಳೆಯಲಿ, ರಜೆಗೆ ಅತ್ತೆಯ ಮನೆಗೆ ಬರಲಿ ಎಂದು ತೀರ್ಪಾಯಿತು.

ಮೊದಲ ಶನಿವಾರ ದಾನಮ್ಮನೇ ಕರೆದುಕೊಂಡು ಹೋದಳು. ಕಸ್ತೂರಿಯ ಹೊಸ್ತಿಲಲ್ಲಿ ಶಾಂಭವಿ ನಿಂತುಬಿಟ್ಟಳು. ಒಳಗೂ ಹೋಗಲಿಲ್ಲ, ಸೆರಗನ್ನೂ ಬಿಡಲಿಲ್ಲ. ತಲೆಯೆತ್ತಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಆ ಹೊತ್ತಿನಲ್ಲಿ ದಾನಮ್ಮನ ಕಣ್ಣಲ್ಲಿ ಒಂದು ಹನಿ ಕಂಡಿದ್ದರೆ ಸಾಕಿತ್ತು, ಮಗು ಅವಳ ಜೊತೆಗೇ ಹಿಂದಿರುಗುತ್ತಿತ್ತು. ಅದು ದಾನಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ನಕ್ಕಳು. “ನಿಮ್ಮವ್ವಗ ನಿನ್ನ ಜಡಿ ಹಾಕಾಕ ಬರತೈತಿಲ್ಲೋ ನೋಡಿಕೊಂಡು ಬಾ,” ಎಂದಳು.

ಮಗು ಸೆರಗು ಬಿಟ್ಟಿತು. ದಾನಮ್ಮ ಬೀದಿಯ ತಿರುವು ದಾಟುವವರೆಗೂ ಹಾಗೇ ನಡೆದಳು. ಅಲ್ಲಿಂದ ಮುಂದೆ ಅವಳಿಗೆ ದಾರಿ ಕಾಣಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ರಾಚಯ್ಯ, “ನನ್ನ ಮೊಮ್ಮಗ ಆ ಶಾಂಭವಿಯ ಹಾಗಲ್ಲ ಗುರುಗಳೇ. ಬಲು ಗಟ್ಟಿ. ಇಷ್ಟೆಲ್ಲ ನಡೆಯುತ್ತಿದ್ದರೂ ಒಂದು ದಿನವೂ ನನ್ನ ಮುಂದೆ ಅತ್ತಿಲ್ಲ. ನನ್ನ ಕಣ್ಣು ತುಂಬಿದರೆ ಅವನೇ ಒರೆಸುತ್ತಾನೆ,” ಎಂದ.

“ಹಾಗಾದರೆ ನಿಮ್ಮ ಮನೆಯಲ್ಲಿ ಈಗ ಯಾರು ಯಾರನ್ನು ಸಾಕುತ್ತಿದ್ದಾರೆ, ರಾಚಯ್ಯ?” ಎಂದರು ಗುರುಗಳು.